ಬಿಟ್ಟದ್ದು ಯಾರಿಗೆ ತಲುಪಿತು?

ವಿಭೂತಿ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬದವರೆಗಿನ ತಪಸ್ಸುಕಾಲ ಕ್ರೈಸ್ತರ ವರ್ಷದಲ್ಲಿ ಅತ್ಯಂತ ಗಂಭೀರವಾದ ಅವಧಿ. ಉಪವಾಸ, ಪ್ರಾರ್ಥನೆ, ದಾನಗಳ ಈ ನಲವತ್ತು ದಿನಗಳ ಹಿಂದಿನ ಕಥೆ, ಕಟ್ಟಳೆ ಮತ್ತು ಅರ್ಥ.

ಫೆಬ್ರವರಿಯಲ್ಲೋ ಮಾರ್ಚಿನ ಮೊದಲ ದಿನಗಳಲ್ಲೋ ಬರುವ ಒಂದು ಬುಧವಾರ. ಬೆಳಗಿನ ಬಲಿಪೂಜೆ ಮುಗಿಸಿ ನೇರ ಕೆಲಸಕ್ಕೆ ಹೊರಟವರ ಹಣೆಯ ಮೇಲೆ ಬೂದಿಯ ಶಿಲುಬೆ ಗುರುತು. ಬೆಂಗಳೂರಿನ ಬಸ್ಸಿನಲ್ಲಿ, ಮಂಗಳೂರಿನ ಬ್ಯಾಂಕಿನ ಕೌಂಟರಿನಲ್ಲಿ, ಮೈಸೂರಿನ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ ಆ ಗುರುತು ಕಂಡವರು ‘ಇವತ್ತು ಯಾವ ಹಬ್ಬ?’ ಎಂದು ಕೇಳುವುದುಂಟು. ಹಬ್ಬಕ್ಕೆ ಇನ್ನೂ ಆರು ವಾರ ಇದೆ. ಇದು ಅದಕ್ಕೆ ಸಿದ್ಧವಾಗುವ ದೀರ್ಘ ವ್ರತದ ಮೊದಲ ದಿನ. ಕನ್ನಡ ಕಥೋಲಿಕರು ಈ ದಿನವನ್ನು ವಿಭೂತಿ ಬುಧವಾರ ಅಥವಾ ಬೂದಿ ಬುಧವಾರ ಎನ್ನುತ್ತಾರೆ. ಅಲ್ಲಿಂದ ಮುಂದಿನದು ತಪಸ್ಸುಕಾಲ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಲೆಂಟ್ ಎಂಬ ಹೆಸರೇ ಬಳಕೆಯಲ್ಲಿದೆ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದು ಕರೆಜ್ಮ್.

ಹಣೆಗೆ ಹಚ್ಚುವ ಆ ಬೂದಿ ಹಿಂದಿನ ವರ್ಷದ ಗರಿಗಳದ್ದು. ಪಾಸ್ಕ ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದಂದು ಜನ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನು ಮನೆಗೆ ತಂದು ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ವರ್ಷವಿಡೀ ಒಣಗಿದ ಅವನ್ನು ಮರಳಿ ಚರ್ಚಿಗೆ ಒಪ್ಪಿಸಿ, ಅಲ್ಲಿ ಸುಟ್ಟು ಬೂದಿ ಮಾಡುತ್ತಾರೆ. ಗುರುಗಳು ಅದನ್ನು ಹಣೆಗಿಡುತ್ತಾ, ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತಾರೆ; ಇಲ್ಲವೇ ಪಾಪಕ್ಕೆ ಬೆನ್ನು ತಿರುಗಿಸಿ ಶುಭಸಂದೇಶವನ್ನು ನಂಬು ಎಂದು ಕರೆ ಕೊಡುತ್ತಾರೆ. ಧಣಿಗೂ ಆಳಿಗೂ, ಧರ್ಮಾಧ್ಯಕ್ಷರಿಗೂ ಶಾಲೆಯ ಮಗುವಿಗೂ ಅದೇ ತಟ್ಟೆಯ ಬೂದಿ.

ಅಂದಿನಿಂದ ಕ್ರೈಸ್ತರ ಮನೆಗಳಲ್ಲಿ, ಗೆಳೆಯರ ನಡುವೆ ಕೇಳಿಬರುವ ಮಾತು ಒಂದೇ: ‘ಈ ಸಲ ಏನು ಬಿಟ್ಟಿದ್ದೀರಿ?’ ಕೆಲವರು ಮಾಂಸ ಬಿಟ್ಟಿರುತ್ತಾರೆ, ಕೆಲವರು ಮದ್ಯ, ಸಿಗರೇಟು, ಸಿಹಿತಿಂಡಿ, ಸಿನಿಮಾ. ಈಚೆಗೆ ಮೊಬೈಲಿನ ರೀಲ್ಸ್. ಕೇಳಬೇಕಾದ ಪ್ರಶ್ನೆಯೇ ಇದು. ಆದರೆ ಎರಡು ಸಾವಿರ ವರ್ಷಗಳ ಕ್ರೈಸ್ತ ಪರಂಪರೆಯನ್ನು ಸ್ವಲ್ಪ ಆಳಕ್ಕಿಳಿದು ನೋಡಿದರೆ, ಈ ಪ್ರಶ್ನೆಗೆ ಜೋಡಿಯಾಗಿ ಇನ್ನೊಂದು ಪ್ರಶ್ನೆ ಸದಾ ಇದ್ದೇ ಇದೆ. ಬಿಟ್ಟದ್ದು ಯಾರಿಗೆ ತಲುಪಿತು? ತಪಸ್ಸುಕಾಲದ ಜೀವ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ ಎಂಬುದು ನನ್ನ ದೃಢ ನಂಬಿಕೆ.

ಹುಣ್ಣಿಮೆಯ ಲೆಕ್ಕ, ನಲವತ್ತರ ಲೆಕ್ಕ

ಕ್ರಿಸ್ಮಸ್ ಪ್ರತಿವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ; ಪಾಸ್ಕ ಹಬ್ಬ ಮಾತ್ರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಪಂಚಾಂಗ ನೋಡಿ ಹಬ್ಬ ಮಾಡುವ ನಮ್ಮ ನಾಡಿನವರಿಗೆ ಇದರ ಕಾರಣ ಸುಲಭವಾಗಿ ಅರ್ಥವಾದೀತು. ಯೇಸುಕ್ರಿಸ್ತರನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಾಸ್ಕ ಹಬ್ಬದ ದಿನಗಳಲ್ಲಿ. ಅದು ಚಂದ್ರಮಾನ ಲೆಕ್ಕದ, ವಸಂತದ ಹುಣ್ಣಿಮೆಯ ಹಬ್ಬ. ಕ್ರೈಸ್ತರೆಲ್ಲರೂ ಒಂದೇ ಭಾನುವಾರ ಪುನರುತ್ಥಾನದ ಹಬ್ಬ ಆಚರಿಸಬೇಕೆಂದು 325ರಲ್ಲಿ ನಿಸೇಯ ನಗರದಲ್ಲಿ ಸೇರಿದ ಮಹಾಸಭೆ ತೀರ್ಮಾನಿಸಿತು. ಕಾಲಕ್ರಮದಲ್ಲಿ ನೆಲೆಗೊಂಡ ಸೂತ್ರ ಹೀಗಿದೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರವೇ ಪಾಸ್ಕ. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರಬಹುದು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ ಫಾಲ್ಗುಣದ ಅಥವಾ ಚೈತ್ರದ ಹುಣ್ಣಿಮೆಯ ಬೆನ್ನಿಗೆ. 2024ರಲ್ಲಿ ಹೋಳಿ ಹುಣ್ಣಿಮೆಯ ನಂತರದ ಭಾನುವಾರ, ಮಾರ್ಚ್ 31ಕ್ಕೆ ಬಂದ ಹಬ್ಬ 2025ರಲ್ಲಿ ಏಪ್ರಿಲ್ 20ಕ್ಕೆ ಹೋಯಿತು. 2026ರ ಪಾಸ್ಕ ಏಪ್ರಿಲ್ 5ರಂದು, ಅದಕ್ಕೆ ತಕ್ಕ ವಿಭೂತಿ ಬುಧವಾರ ಫೆಬ್ರವರಿ 18ರಂದು.

ಬುಧವಾರದಿಂದ ಪಾಸ್ಕದ ಹಿಂದಿನ ಶನಿವಾರದವರೆಗೆ ಎಣಿಸಿದರೆ ಬರುವುದು 46 ದಿನ. ಆದರೂ ನಲವತ್ತು ದಿನ ಎನ್ನುವುದೇಕೆ? ನಡುವೆ ಆರು ಭಾನುವಾರಗಳಿವೆ. ಭಾನುವಾರ ಕ್ರಿಸ್ತರು ಸಾವನ್ನು ಗೆದ್ದೆದ್ದ ದಿನ. ಅಂದು ಉಪವಾಸ ಸಲ್ಲದು. ಎಷ್ಟೇ ಕಠಿಣ ವ್ರತವಿದ್ದರೂ ವಾರಕ್ಕೊಂದು ದಿನ ಸಂತೋಷಕ್ಕೆ ಮೀಸಲು. ಶೋಕವೇ ಕೊನೆಯ ಮಾತಾಗಬಾರದು ಎಂಬ ಎಚ್ಚರ ಈ ಲೆಕ್ಕದೊಳಗೇ ಇದೆ.

ನಲವತ್ತು ಎಂಬ ಸಂಖ್ಯೆ ಬೈಬಲಿನ ಉದ್ದಕ್ಕೂ ಪರೀಕ್ಷೆ ಮತ್ತು ಸಿದ್ಧತೆಯ ಗುರುತು. ನೋಹನ ಕಾಲದ ಜಲಪ್ರಳಯದಲ್ಲಿ ಮಳೆ ಸುರಿದದ್ದು ನಲವತ್ತು ಹಗಲು, ನಲವತ್ತು ರಾತ್ರಿ. ಮೋಶೆ ಸೀನಾಯಿ ಬೆಟ್ಟದ ಮೇಲೆ ನಿರಾಹಾರನಾಗಿದ್ದದ್ದು ನಲವತ್ತು ದಿನ. ಪ್ರವಾದಿ ಎಲೀಯ ಹೋರೇಬ್ ಬೆಟ್ಟಕ್ಕೆ ನಡೆದದ್ದು ನಲವತ್ತು ದಿನ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಇಸ್ರಯೇಲರು ಮರಳುಗಾಡಿನಲ್ಲಿ ಅಲೆದದ್ದು ನಲವತ್ತು ವರ್ಷ. ತಪಸ್ಸುಕಾಲ ನೇರವಾಗಿ ಆಧರಿಸುವುದು ಯೇಸುವಿನ ನಲವತ್ತು ದಿನಗಳನ್ನು. ಯೊರ್ದಾನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ, ಬೋಧನೆಗೆ ತೊಡಗುವ ಮುನ್ನ, ಅವರು ಬೆಂಗಾಡಿಗೆ ಹೋಗಿ ಉಪವಾಸವಿದ್ದರು.

ತಮಗಾಗಿ ರೊಟ್ಟಿ ಮಾಡಿಕೊಳ್ಳದವರು

ಮತ್ತಾಯ ಮತ್ತು ಲೂಕರ ಶುಭಸಂದೇಶಗಳು ಆ ದಿನಗಳ ಕೊನೆಯ ಘಟನೆಯನ್ನು ವಿವರಿಸುತ್ತವೆ. ಹಸಿದಿದ್ದ ಯೇಸುವಿನ ಬಳಿ ಬಂದ ಸೈತಾನ ಮೂರು ಆಮಿಷ ಒಡ್ಡುತ್ತಾನೆ. ನೀನು ದೇವಪುತ್ರನಾದರೆ ಈ ಕಲ್ಲುಗಳನ್ನು ರೊಟ್ಟಿಯಾಗಿಸಿಕೊ. ದೇವಾಲಯದ ಶಿಖರದಿಂದ ಧುಮುಕಿ ತೋರಿಸು, ದೇವದೂತರು ಎತ್ತಿಕೊಳ್ಳಲಿ. ನನಗೆ ಅಡ್ಡಬೀಳು, ಲೋಕದ ರಾಜ್ಯಗಳೆಲ್ಲ ನಿನ್ನವಾಗುತ್ತವೆ. ಹೊಟ್ಟೆ, ಹೆಸರು, ಅಧಿಕಾರ: ಮನುಷ್ಯನನ್ನು ಇಂದಿಗೂ ಎಳೆಯುವುದು ಈ ಮೂರೇ. ಯೇಸು ಮೂರನ್ನೂ ನಿರಾಕರಿಸುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಮ್ಮ ಹಸಿವಿಗಾಗಿ ಒಂದು ಕಲ್ಲನ್ನೂ ರೊಟ್ಟಿಯಾಗಿಸದ ಇದೇ ಯೇಸು, ಮುಂದೆ ತಮ್ಮ ಮಾತು ಕೇಳಲು ಬಂದು ಹಸಿದು ಕುಳಿತ ಐದು ಸಾವಿರ ಜನರಿಗೆ ಐದು ರೊಟ್ಟಿ, ಎರಡು ಮೀನಿನಿಂದ ಊಟ ಬಡಿಸುತ್ತಾರೆ. ತನಗಾಗಿ ಬಳಸದ ಶಕ್ತಿಯನ್ನು ಇನ್ನೊಬ್ಬರ ಹಸಿವಿಗೆ ಬಳಸುವುದು: ಈ ಎರಡು ಘಟನೆಗಳನ್ನು ಒಟ್ಟಿಗೆ ಓದಿದಾಗ ಕ್ರೈಸ್ತ ಉಪವಾಸದ ಒಳಗುಟ್ಟು ತೆರೆದುಕೊಳ್ಳುತ್ತದೆ. ಬೆಂಗಾಡಿನಲ್ಲಿ ಬಿಟ್ಟ ರೊಟ್ಟಿ ಗಲಿಲೇಯದ ಹುಲ್ಲುಗಾವಲಿನಲ್ಲಿ ಹಸಿದವರ ಕೈ ಸೇರಿತು.

ವ್ರತ ಬೆಳೆದು ಬಂದ ಬಗೆ

ಮೊದಲ ಶತಮಾನಗಳಲ್ಲಿ ಈಗಿನಂತೆ ನಲವತ್ತು ದಿನಗಳ ಕಟ್ಟಳೆ ಇರಲಿಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಲಿಯಾನ್ ನಗರದ ಧರ್ಮಾಧ್ಯಕ್ಷ ಇರೆನೇಯುಸ್ ಬರೆದ ಪತ್ರವೊಂದು ಚರಿತ್ರೆಕಾರ ಯುಸೇಬಿಯುಸ್‌ನ ಗ್ರಂಥದಲ್ಲಿ ಉಳಿದಿದೆ. ಪಾಸ್ಕಕ್ಕೆ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ನಲವತ್ತು ಗಂಟೆ ಉಪವಾಸವಿರುತ್ತಾರೆ; ಪದ್ಧತಿ ಬೇರೆಯಾದರೂ ಎಲ್ಲರೂ ಸಮಾಧಾನದಿಂದ ಒಂದಾಗಿದ್ದೇವೆ ಎಂದು ಅವರು ಅದರಲ್ಲಿ ಹೇಳುತ್ತಾರೆ. ನಾಲ್ಕನೆಯ ಶತಮಾನದ ಹೊತ್ತಿಗೆ ನಲವತ್ತು ದಿನಗಳ ಆಚರಣೆ ಪರಿಚಿತವಾಗಿತ್ತು. ನಿಸೇಯ ಮಹಾಸಭೆಯ ಐದನೆಯ ನಿಯಮದಲ್ಲೇ ಅದರ ಹೆಸರು ಬರುತ್ತದೆ.

ಅದೇ ಶತಮಾನದ ಕೊನೆಯಲ್ಲಿ ಎಜೇರಿಯಾ ಎಂಬ ಯಾತ್ರಿಕಳು ಜೆರುಸಲೇಮಿಗೆ ಹೋಗಿ, ಅಲ್ಲಿ ಕಂಡದ್ದನ್ನೆಲ್ಲ ತನ್ನ ಊರಿನ ಸಹೋದರಿಯರಿಗೆ ಬರೆದಳು. ಪಾಸ್ಕ ರಾತ್ರಿ ದೀಕ್ಷಾಸ್ನಾನ ಪಡೆಯಲಿರುವವರಿಗೆ ಅಲ್ಲಿನ ಧರ್ಮಾಧ್ಯಕ್ಷರು ಈ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಮೂರು ಗಂಟೆ ಕಾಲ ಧರ್ಮಗ್ರಂಥದ ಪಾಠ ಮಾಡುತ್ತಿದ್ದರು. ತಪಸ್ಸುಕಾಲ ಬಹುಮಟ್ಟಿಗೆ ಇಂಥ ಹೊಸಬರ ಸಿದ್ಧತೆಯ ಅವಧಿಯಾಗಿ ಬೆಳೆಯಿತು. ಹೊಸಬರು ಉಪವಾಸವಿರುವಾಗ ಹಳಬರೂ ಜೊತೆಗೂಡಿದರು. ದೊಡ್ಡ ಪಾಪ ಮಾಡಿ ಸಭೆಯಿಂದ ದೂರವಾದವರು ಗೋಣಿಬಟ್ಟೆ ಉಟ್ಟು, ಬೂದಿ ಹಚ್ಚಿಕೊಂಡು ಪ್ರಾಯಶ್ಚಿತ್ತ ಮಾಡಿ, ಪಾಸ್ಕಕ್ಕೆ ಮುಂಚೆ ಮರಳಿ ಸೇರುತ್ತಿದ್ದರು. ಅವರನ್ನು ಒಂಟಿಯಾಗಿ ಬಿಡಲೊಲ್ಲದೆ ಉಳಿದವರೂ ತಲೆಗೆ ಬೂದಿ ಹಾಕಿಸಿಕೊಳ್ಳತೊಡಗಿದರು. 1091ರಲ್ಲಿ ಇಟಲಿಯ ಬೆನೆವೆಂತೊದಲ್ಲಿ ಎರಡನೆಯ ಅರ್ಬನ್ ಪೋಪರ ನೇತೃತ್ವದಲ್ಲಿ ಸೇರಿದ ಸಭೆ ಇದನ್ನು ಎಲ್ಲರ ಆಚರಣೆಯನ್ನಾಗಿ ಮಾಡಿತು. ಇಂದು ಹಣೆಯ ಮೇಲೆ ಕಾಣುವ ಬೂದಿಯ ಹಿಂದೆ ಪಾಪಿಯ ಜೊತೆ ನಿಲ್ಲುವ ಈ ಇತಿಹಾಸವಿದೆ.

ಮಧ್ಯಯುಗದ ಯುರೋಪಿನಲ್ಲಿ ಕಟ್ಟಳೆ ಬಲು ಬಿಗಿ. ದಿನಕ್ಕೊಂದೇ ಊಟ, ಮಾಂಸವಿಲ್ಲ. ಬಹಳ ಕಡೆ ಹಾಲು, ಬೆಣ್ಣೆ, ಮೊಟ್ಟೆಯೂ ಇಲ್ಲ. ನಲವತ್ತು ದಿನ ಮುಟ್ಟದೆ ಉಳಿದ ಮೊಟ್ಟೆಗಳಿಗೆ ಹಬ್ಬದ ದಿನ ಬಣ್ಣ ಹಚ್ಚಿ ಹಂಚಿದ್ದೇ ಈಸ್ಟರ್ ಮೊಟ್ಟೆಯ ಸಂಪ್ರದಾಯಕ್ಕೆ ಪುಷ್ಟಿ ಕೊಟ್ಟಿತು. ವ್ರತಕ್ಕೆ ಮುಂಚಿನ ದಿನಗಳಲ್ಲಿ ಉಂಡು ಕುಣಿಯುವ ಕಾರ್ನಿವಲ್ ಹುಟ್ಟಿಕೊಂಡದ್ದೂ ಇದೇ ಕಾರಣಕ್ಕೆ. ಗೋವಾದ ಬೀದಿಗಳಲ್ಲಿ ಅದು ಈಗಲೂ ನಡೆಯುತ್ತದೆ.

ಕಥೋಲಿಕ ಧರ್ಮಸಭೆಯ ಈಗಿನ ನಿಯಮ ತುಂಬ ಹಗುರ. 1966ರಲ್ಲಿ ಆರನೆಯ ಪೌಲ್ ಪೋಪರು ಹಳೆಯ ಕಟ್ಟಳೆಗಳನ್ನು ಸರಳಗೊಳಿಸಿದರು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸ: ಪೂರ್ತಿ ಊಟ ಒಂದೇ ಹೊತ್ತು, ಉಳಿದೆರಡು ಹೊತ್ತು ಅಲ್ಪಾಹಾರ. 18 ತುಂಬಿದವರಿಂದ 59ರವರೆಗಿನವರಿಗೆ ಇದು ಅನ್ವಯ. ಶುಕ್ರವಾರಗಳಂದು ಮಾಂಸ ವರ್ಜ್ಯ. ಇದು 14 ತುಂಬಿದ ಎಲ್ಲರಿಗೂ. ರೋಗಿಗಳಿಗೆ, ಗರ್ಭಿಣಿಯರಿಗೆ, ಮೈಮುರಿದು ದುಡಿಯುವವರಿಗೆ ವಿನಾಯಿತಿ ಇದೆ. ನಿಯಮ ಇಷ್ಟೇ ಆದರೂ ನಮ್ಮ ಊರುಗಳಲ್ಲಿ ನಲವತ್ತೂ ದಿನ ಮಾಂಸ ಮುಟ್ಟದವರು, ಒಪ್ಪೊತ್ತು ಹಿಡಿಯುವ ಹಿರಿಯರು ಇದ್ದಾರೆ. ಮದುವೆ, ಗೃಹಪ್ರವೇಶದಂಥ ಸಂಭ್ರಮಗಳನ್ನು ಈ ಅವಧಿಯಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಪಾಸ್ಕ ಮುಗಿದ ಮೇಲೇ ಮದುವೆಗಳ ಸಾಲು.

ಮೂರು ಕಲ್ಲಿನ ಒಲೆ

ವಿಭೂತಿ ಬುಧವಾರದ ಪೂಜೆಯಲ್ಲಿ ಪ್ರತಿವರ್ಷ ತಪ್ಪದೆ ಓದುವ ಭಾಗ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ. ದಾನ, ಪ್ರಾರ್ಥನೆ, ಉಪವಾಸ ಮೂರರ ಬಗೆಗೂ ಯೇಸು ಅಲ್ಲಿ ಒಂದೇ ಎಚ್ಚರಿಕೆ ಕೊಡುತ್ತಾರೆ: ಜನ ನೋಡಲೆಂದು ಮಾಡಬೇಡಿ. ಕೊಡುವಾಗ ತುತ್ತೂರಿ ಊದಿಸಬೇಡಿ, ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಉಪವಾಸವಿದ್ದಾಗ ಮುಖ ಬಾಡಿಸಿಕೊಳ್ಳಬೇಡಿ. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ.

ಈ ಮೂರೂ ಮೂರು ಕಲ್ಲಿನ ಒಲೆಯಿದ್ದಂತೆ. ಒಂದು ಕಲ್ಲು ಸರಿದರೂ ಮಡಕೆ ವಾಲುತ್ತದೆ. ಪ್ರಾರ್ಥನೆಯಿಲ್ಲದ ಉಪವಾಸ ಪಥ್ಯವಾಗುತ್ತದೆ. ಮೈತೂಕ ಇಳಿದೀತು, ಅಹಂಕಾರ ಇಳಿಯದು. ದಾನವಿಲ್ಲದ ಉಪವಾಸ ಉಳಿತಾಯವಾಗುತ್ತದೆ. ಉಪವಾಸವಿಲ್ಲದ ದಾನ ಮಿಕ್ಕದ್ದನ್ನು ಕೊಡುವುದಷ್ಟೇ. ಕೊಟ್ಟವರ ತಟ್ಟೆಯಲ್ಲಿ ಏನೂ ಕಡಿಮೆಯಾಗಿರುವುದಿಲ್ಲ. ಉಪವಾಸ ನನ್ನ ತಟ್ಟೆಯಲ್ಲಿ ಜಾಗ ಮಾಡುತ್ತದೆ, ಪ್ರಾರ್ಥನೆ ಆ ಜಾಗ ಯಾರದೆಂದು ತೋರಿಸುತ್ತದೆ, ದಾನ ಅದನ್ನು ಅವರಿಗೆ ಮುಟ್ಟಿಸುತ್ತದೆ. ಐದನೆಯ ಶತಮಾನದ ಮಹಾ ಲಿಯೊ ಪೋಪರು ತಮ್ಮ ತಪಸ್ಸುಕಾಲದ ಬೋಧನೆಗಳಲ್ಲಿ ಪದೇಪದೇ ಒತ್ತಿ ಹೇಳಿದ್ದು ಇದನ್ನೇ: ಉಪವಾಸದಿಂದ ಉಳಿದದ್ದು ಬಡವರ ಊಟವಾಗಬೇಕು.

ಇದಕ್ಕೂ ಹಳೆಯದು ಪ್ರವಾದಿ ಯೆಶಾಯನ ಮಾತು. ಗ್ರಂಥದ 58ನೆಯ ಅಧ್ಯಾಯದಲ್ಲಿ ಜನ ದೇವರನ್ನೇ ಪ್ರಶ್ನಿಸುತ್ತಾರೆ: ನಾವು ಉಪವಾಸ ಮಾಡಿದರೂ ನೀನೇಕೆ ನೋಡುತ್ತಿಲ್ಲ? ಉತ್ತರ ಖಾರವಾಗಿದೆ. ಉಪವಾಸದ ದಿನವೇ ನೀವು ಕೂಲಿಯವರನ್ನು ಹಿಂಡುತ್ತೀರಿ, ಜಗಳಕ್ಕಿಳಿದು ಗುದ್ದಾಡುತ್ತೀರಿ. ನಾನು ಮೆಚ್ಚುವ ಉಪವಾಸವೆಂದರೆ ಅನ್ಯಾಯದ ಕಟ್ಟು ಬಿಚ್ಚುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಗೆ ಕರೆದುಕೊಳ್ಳುವುದು, ಬೆತ್ತಲಾದವನಿಗೆ ಬಟ್ಟೆ ಹೊದಿಸುವುದು. ವಿಭೂತಿ ಬುಧವಾರದ ಬೆನ್ನಿಗೇ ಬರುವ ಶುಕ್ರವಾರ ಮತ್ತು ಶನಿವಾರ ಚರ್ಚುಗಳಲ್ಲಿ ಈ ಅಧ್ಯಾಯದ ವಾಚನವಿರುತ್ತದೆ. ಮನೆಕೆಲಸದವರ ಸಂಬಳ ಬಾಕಿ ಉಳಿಸಿಕೊಂಡು ಉಪವಾಸ ಹಿಡಿದವರು ಅದನ್ನು ಕೇಳಿ ಸುಮ್ಮನೆ ಕೂರಲು ಸಾಧ್ಯವಿಲ್ಲ.

ಅಂತಿಯೋಕ್ಯದ ತಪಸ್ಸುಕಾಲ

ಇತಿಹಾಸದ ಒಂದು ತಪಸ್ಸುಕಾಲವನ್ನು ವಿವರವಾಗಿ ಹೇಳಬೇಕು. ಕ್ರಿ.ಶ. 387, ಈಗಿನ ಟರ್ಕಿಯಲ್ಲಿರುವ ಅಂತಿಯೋಕ್ಯ. ಚಕ್ರವರ್ತಿ ಥಿಯೊಡೋಸಿಯುಸ್ ಹೊಸ ತೆರಿಗೆ ಹೇರಿದಾಗ ಜನ ದಂಗೆಯೆದ್ದು, ಚಕ್ರವರ್ತಿಯ ಮತ್ತು ಅವನ ಕುಟುಂಬದವರ ಪ್ರತಿಮೆಗಳನ್ನು ಕೆಡವಿ ಬೀದಿಯಲ್ಲಿ ಎಳೆದಾಡಿದರು. ಪ್ರತಿಮೆಗೆ ಮಾಡಿದ ಅವಮಾನ ಚಕ್ರವರ್ತಿಗೇ ಮಾಡಿದ ಅವಮಾನ. ಹಲವರಿಗೆ ಮರಣದಂಡನೆಯಾಯಿತು. ಇಡೀ ನಗರವನ್ನೇ ನೆಲಸಮ ಮಾಡುತ್ತಾರೆಂಬ ಭಯ ಹಬ್ಬಿತು.

ವೃದ್ಧ ಧರ್ಮಾಧ್ಯಕ್ಷ ಫ್ಲಾವಿಯನ್ ಕ್ಷಮೆ ಬೇಡಲು ನೂರಾರು ಮೈಲಿ ದೂರದ ಕಾನ್‌ಸ್ಟಾಂಟಿನೋಪಲ್‌ಗೆ ಚಳಿಯಲ್ಲೇ ಹೊರಟರು. ನಗರದಲ್ಲಿ ಉಳಿದವರು ಒಂದು ವರ್ಷದ ಹಿಂದಷ್ಟೇ ಯಾಜಕದೀಕ್ಷೆ ಪಡೆದಿದ್ದ ಯೊವಾನ್ನ. ಮುಂದೆ ‘ಚಿನ್ನದ ನಾಲಗೆಯವ’ ಎಂಬ ಅರ್ಥದಲ್ಲಿ ಕ್ರಿಸೊಸ್ತೊಮ್ ಎಂದು ಹೆಸರಾದವರು ಇವರೇ. ಆ ತಪಸ್ಸುಕಾಲದುದ್ದಕ್ಕೂ ಅವರು ನಡುಗುತ್ತಿದ್ದ ಜನರಿಗೆ ಬೋಧಿಸಿದರು. ಆ ಬೋಧನೆಗಳು ಇಂದಿಗೂ ಲಭ್ಯ. ಬಾಯಿಯೊಂದೇ ಉಪವಾಸವಿದ್ದರೆ ಸಾಲದು, ಕಣ್ಣು, ಕಿವಿ, ಕೈ, ಕಾಲುಗಳೂ ಉಪವಾಸವಿರಲಿ ಎಂದು ಅವರು ಕೇಳಿಕೊಂಡರು. ಮೀನು, ಕೋಳಿ ಬಿಟ್ಟು ಸಹೋದರನನ್ನು ಚಾಡಿಯಿಂದ ಕಚ್ಚಿ ತಿನ್ನುವವನಿಗೆ ಏನು ಲಾಭ ಎಂಬುದು ಅವರ ಪ್ರಶ್ನೆಯಾಗಿತ್ತು.

ಆಗ ಇನ್ನೊಂದು ಸಂಗತಿ ನಡೆಯಿತು. ಸುತ್ತಲ ಬೆಟ್ಟಗಳ ಗುಹೆಗಳಲ್ಲಿ ವರ್ಷಗಟ್ಟಲೆ ತಪಸ್ಸಿಗೆ ಕುಳಿತಿದ್ದ ಸನ್ಯಾಸಿಗಳು ಕೆಳಗಿಳಿದು ನಗರಕ್ಕೆ ಬಂದರು. ವಿಚಾರಣೆಗೆ ಬಂದಿದ್ದ ಅಧಿಕಾರಿಗಳ ದಾರಿಗೆ ಅಡ್ಡ ನಿಂತು, ಸೆರೆಯಾಳುಗಳ ಜೀವ ಉಳಿಸಬೇಕೆಂದು ಬೇಡಿದರು. ಕೊನೆಗೆ ಫ್ಲಾವಿಯನ್ ಚಕ್ರವರ್ತಿಯ ಮನಸ್ಸು ಕರಗಿಸಿದರು; ಪಾಸ್ಕ ಹಬ್ಬದ ಹೊತ್ತಿಗೆ ಕ್ಷಮೆಯ ಸುದ್ದಿ ಅಂತಿಯೋಕ್ಯಕ್ಕೆ ಬಂತು. ಮುದುಕ ಧರ್ಮಾಧ್ಯಕ್ಷರು ತಮ್ಮ ನೆಮ್ಮದಿ ಬಿಟ್ಟರು, ತಪಸ್ವಿಗಳು ತಮ್ಮ ಏಕಾಂತ ಬಿಟ್ಟರು; ಅದು ಸೆರೆಯಲ್ಲಿದ್ದವರಿಗೆ ಜೀವವಾಗಿ ತಲುಪಿತು. ಆ ವರ್ಷ ಉಪವಾಸದ ಅರ್ಥ ಇಡೀ ನಗರಕ್ಕೆ ಕಣ್ಣಾರೆ ಕಂಡಿತು.

ಒಂದೇ ವ್ರತ, ಹಲವು ರೂಪ

ಕ್ರೈಸ್ತರೆಲ್ಲರೂ ಇದನ್ನು ಒಂದೇ ರೀತಿ ಆಚರಿಸುವುದಿಲ್ಲ. ಗ್ರೀಸ್, ರಷ್ಯಾದಂಥ ನಾಡುಗಳ ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ವ್ರತ ಶುರುವಾಗುವುದು ಸೋಮವಾರ. ಹಿಂದಿನ ಭಾನುವಾರ ಸಂಜೆ ಚರ್ಚಿನಲ್ಲಿ ಒಬ್ಬರಿಗೊಬ್ಬರು ಬಾಗಿ ಕ್ಷಮೆ ಕೇಳುತ್ತಾರೆ. ಗುರುಗಳು ಜನರಲ್ಲಿ, ಜನ ಗುರುಗಳಲ್ಲಿ. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಎಲ್ಲವೂ ವರ್ಜ್ಯ. ಇಥಿಯೋಪಿಯದ ಸಭೆಯಲ್ಲಿ ಈ ವ್ರತ 55 ದಿನಗಳದ್ದು.

ಕೇರಳದ ಸಿರಿಯನ್ ಪರಂಪರೆಯವರು ಇದನ್ನು ‘ವಲಿಯ ನೋಂಬು’, ಅಂದರೆ ದೊಡ್ಡ ನೋಂಬು ಎಂದು ಕರೆದು ಐವತ್ತು ದಿನ ಆಚರಿಸುತ್ತಾರೆ. ಅಲ್ಲಿಂದ ವಲಸೆ ಬಂದು ನೆಲೆಸಿದ ರೈತ ಕುಟುಂಬಗಳ ಮೂಲಕ ಈ ಪದ್ಧತಿ ನಮ್ಮ ಮಲೆನಾಡು, ಕರಾವಳಿಗೂ ಬಂದಿದೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಈಗ ಸಿರೋ ಮಲಬಾರ್ ಧರ್ಮಪ್ರಾಂತ್ಯಗಳಿವೆ. ಪವಿತ್ರ ಗುರುವಾರ ರಾತ್ರಿ ಅವರ ಮನೆಗಳಲ್ಲಿ ಹುಳಿ ಬರಿಸದ ಪೆಸಹಾ ಅಪ್ಪವನ್ನು ಮನೆಯ ಹಿರಿಯರು ಮುರಿದು, ತೆಂಗಿನಹಾಲು, ಬೆಲ್ಲದಿಂದ ಮಾಡಿದ ‘ಪಾಲ್’ನೊಂದಿಗೆ ಮನೆಮಂದಿಗೆಲ್ಲ ಹಂಚುತ್ತಾರೆ.

ಪ್ರಾಟೆಸ್ಟೆಂಟ್ ಸುಧಾರಣೆಯ ಆರಂಭಕ್ಕೂ ತಪಸ್ಸುಕಾಲಕ್ಕೂ ನಂಟಿದೆ. 1522ರ ತಪಸ್ಸುಕಾಲದಲ್ಲಿ ಜ್ಯೂರಿಕ್ ನಗರದ ಮುದ್ರಕ ಫ್ರೊಶೌವರ್ ಅವರ ಮನೆಯಲ್ಲಿ ಕೆಲವರು ನಿಯಮ ಮುರಿದು ಸಾಸೇಜ್ ತಿಂದರು. ಅಲ್ಲೇ ಇದ್ದ ಪಾದ್ರಿ ಜ್ವಿಂಗ್ಲಿ ತಾವು ತಿನ್ನಲಿಲ್ಲ. ಆದರೆ ಉಪವಾಸ ವಿಶ್ವಾಸಿಯ ಸ್ವಂತ ತೀರ್ಮಾನವಾಗಬೇಕು, ಬೈಬಲಿನಲ್ಲಿಲ್ಲದ ಕಟ್ಟಳೆಯನ್ನು ಹೇರಬಾರದು ಎಂದು ಬಹಿರಂಗವಾಗಿ ಬೋಧಿಸಿದರು. ಈ ವಾದದಲ್ಲಿ ತಿರುಳಿದೆ. ಶಿಕ್ಷೆಯ ಭಯಕ್ಕೆ ಹಿಡಿದ ಉಪವಾಸ ಮನಸ್ಸನ್ನು ಮುಟ್ಟುವುದಿಲ್ಲ. ಹೀಗಾಗಿ ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಲೆಂಟ್ ಆಚರಣೆಯೇ ಇಲ್ಲ. ಆದರೆ ಆಂಗ್ಲಿಕನ್ ಮತ್ತು ಲುಥೆರನ್ ಪರಂಪರೆಗಳು ಅದನ್ನು ಉಳಿಸಿಕೊಂಡವು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ವಾರದ ನಡುವೆ ವಿಶೇಷ ಲೆಂಟ್ ಆರಾಧನೆಗಳಿರುತ್ತವೆ. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ.

ಕನ್ನಡ ನೆಲದ ಶಿಲುಬೆಯ ಹಾದಿ

ತಪಸ್ಸುಕಾಲದಲ್ಲಿ ಕಥೋಲಿಕ ಚರ್ಚಿನೊಳಗೆ ಕಾಲಿಟ್ಟರೆ ಬದಲಾವಣೆ ತಕ್ಷಣ ತಿಳಿಯುತ್ತದೆ. ಗುರುಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಪೀಠದ ಮೇಲೆ ಹೂವಿನ ಅಲಂಕಾರವಿಲ್ಲ. ‘ಅಲ್ಲೆಲೂಯ’ ಎಂಬ ಘೋಷ ಪಾಸ್ಕ ರಾತ್ರಿಯವರೆಗೆ ಕೇಳುವುದಿಲ್ಲ.

ಶುಕ್ರವಾರ ಸಂಜೆ ಶಿಲುಬೆಯ ಹಾದಿ. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗಿನ ಹದಿನಾಲ್ಕು ಘಟನೆಗಳ ಚಿತ್ರಗಳು ಚರ್ಚಿನ ಗೋಡೆಯುದ್ದಕ್ಕೂ ಇರುತ್ತವೆ. ಜನ ಒಂದೊಂದರ ಮುಂದೆಯೂ ಮೊಣಕಾಲೂರಿ ಧ್ಯಾನಿಸುತ್ತಾ ಹಾಡುತ್ತಾ ಸಾಗುತ್ತಾರೆ. ಜೆರುಸಲೇಮಿಗೆ ಹೋಗಲಾಗದವರಿಗಾಗಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಹರಡಿದ ಈ ಭಕ್ತಿಯಲ್ಲಿ ಹದಿನಾಲ್ಕು ಸ್ಥಳಗಳೆಂದು ಸ್ಥಿರಗೊಂಡದ್ದು 1731ರಲ್ಲಿ. ಐದನೆಯ ಸ್ಥಳದಲ್ಲಿ ಸಿರೇನ್ ಊರಿನ ಸೀಮೋನ ಬರುತ್ತಾನೆ. ಹೊಲದಿಂದ ಬರುತ್ತಿದ್ದ ದಾರಿಹೋಕ. ಸೈನಿಕರು ಹಿಡಿದೆಳೆದು ಅಪರಿಚಿತನ ಶಿಲುಬೆಯನ್ನು ಅವನ ಹೆಗಲಿಗೇರಿಸುತ್ತಾರೆ. ಆರನೆಯದರಲ್ಲಿ ವೆರೋನಿಕ ಎಂಬ ಹೆಣ್ಣುಮಗಳು ಗುಂಪನ್ನು ಸೀಳಿಕೊಂಡು ಬಂದು ರಕ್ತಸಿಕ್ತ ಮುಖ ಒರೆಸುತ್ತಾಳೆ. ಹದಿನಾಲ್ಕು ಸ್ಥಳಗಳ ನಡುವೆ ನಿಂತವರಿಗೆ ತಾನು ಈ ಗುಂಪಿನಲ್ಲಿ ಯಾರು ಎಂಬ ಪ್ರಶ್ನೆ ಏಳದೆ ಇರದು.

ಕರಾವಳಿಯ ಕೊಂಕಣಿ ಕ್ರೈಸ್ತರ ನೆನಪಿನಲ್ಲಿ ಈ ಕಾಲಕ್ಕೆ ಇನ್ನೊಂದು ಗಾಯವೂ ಅಂಟಿದೆ. 1784ರ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಸುಮಾರಿಗೆ, ಟಿಪ್ಪು ಸುಲ್ತಾನನ ಆದೇಶದಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಗೆತ್ಸೆಮನೆ ತೋಟದಲ್ಲಿ ಯೇಸು ಅನುಭವಿಸಿದ ಸಂಕಟವನ್ನು ಹೇಳುವ ಕೊಂಕಣಿ ಕೀರ್ತನೆಯೊಂದು ಕರೆಜ್ಮ್ ದಿನಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದನ್ನು ರಚಿಸಿದವರು ಹದಿನೆಂಟನೆಯ ಶತಮಾನದ ಗೋವಾದ ಪಾದ್ರಿ ಜೋಕಿಮ್ ಮಿರಾಂಡ, ಸೆರೆಯ ದಿನಗಳಲ್ಲಿ ರಚಿಸಿದರು ಎಂಬುದು ಪರಂಪರೆ. ಸ್ವಂತ ನೋವನ್ನು ಕ್ರಿಸ್ತನ ನೋವಿನೊಡನೆ ಜೋಡಿಸಿ ಹಾಡಿಕೊಂಡದ್ದು ಆ ಸಮುದಾಯವನ್ನು ಉಳಿಸಿತು.

ಕನಕಪುರ ತಾಲ್ಲೂಕಿನ ಹಾರೋಬೆಲೆಯದು ಕನ್ನಡದ್ದೇ ಭಕ್ತಿ. ಬಹುತೇಕ ಕ್ರೈಸ್ತರೇ ಇರುವ ಆ ಹಳೆಯ ಹಳ್ಳಿಯ ಕಪಾಲಬೆಟ್ಟಕ್ಕೆ ಶುಭ ಶುಕ್ರವಾರ ಜನ ಶಿಲುಬೆ ಹೊತ್ತು ಹತ್ತುತ್ತಾರೆ. ಯೇಸುವಿನ ಯಾತನೆ, ಮರಣಗಳನ್ನು ಊರಿನವರೇ ಪಾತ್ರ ವಹಿಸಿ ಆಡುವ ‘ಮಹಿಮೆ’ ನಾಟಕಕ್ಕೂ ಆ ಊರು ಹೆಸರುವಾಸಿ.

ಕೊನೆಯ ವಾರ

ಗರಿಗಳ ಭಾನುವಾರದಿಂದ ಪವಿತ್ರ ವಾರ. ಗುರುವಾರ ಸಂಜೆ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಕೊನೆಯ ಭೋಜನದ ರಾತ್ರಿ ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಧಿಯನ್ನು ರೋಮಿನ ಬಾಲಾಪರಾಧಿಗಳ ಬಂದೀಖಾನೆಯಲ್ಲಿ ನಡೆಸಿದರು. ಅವರು ಪಾದ ತೊಳೆದವರಲ್ಲಿ ಹುಡುಗಿಯರೂ ಮುಸ್ಲಿಮರೂ ಇದ್ದರು. ಗುರುವಾರದ ಪೂಜೆ ಮುಗಿದ ಮೇಲೆ ಪೀಠದ ಬಟ್ಟೆಗಳನ್ನು ತೆಗೆದು ಬರಿದು ಮಾಡುತ್ತಾರೆ, ಗಂಟೆಗಳು ಮೌನವಾಗುತ್ತವೆ.

ಶುಭ ಶುಕ್ರವಾರ ಲೋಕದ ಯಾವ ಕಥೋಲಿಕ ಚರ್ಚಿನಲ್ಲೂ ಬಲಿಪೂಜೆಯಿಲ್ಲ. ಮಧ್ಯಾಹ್ನ ಯಾತನೆಯ ಕಥೆಯ ವಾಚನ, ಶಿಲುಬೆಯ ವಂದನೆ. ಹಲವು ಕಡೆ ವಿಧಿ ಮುಗಿದ ಮೇಲೆ ಎಲ್ಲರಿಗೂ ಗಂಜಿ. ಕಾರಿನಲ್ಲಿ ಬಂದವರೂ ಕೂಲಿಗೆ ಹೋಗುವವರೂ ಅಂದು ಒಂದೇ ಸಾಲಿನಲ್ಲಿ ಕುಳಿತು ಅದೇ ಗಂಜಿ ಕುಡಿಯುತ್ತಾರೆ. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕ ಮೇಣದಬತ್ತಿ ಬೆಳಗಿಸಿ, ಒಬ್ಬರಿಂದೊಬ್ಬರಿಗೆ ದೀಪ ದಾಟಿಸುತ್ತಾರೆ. ಗಂಟೆಗಳೂ ‘ಅಲ್ಲೆಲೂಯ’ವೂ ಮರಳಿ ಬರುತ್ತವೆ.

ಇಂದಿನ ತಟ್ಟೆ, ಇಂದಿನ ಪ್ರಶ್ನೆ

ಮಾಂಸ ಬಿಡುವ ನಿಯಮ ಹುಟ್ಟಿದ ಕಾಲದಲ್ಲಿ ಮಾಂಸ ಶ್ರೀಮಂತರ ಊಟವಾಗಿತ್ತು. ಇಂದು ಕರಾವಳಿಯಲ್ಲಿ ಕೋಳಿಗಿಂತ ಅಂಜಲ್ ಮೀನು ದುಬಾರಿ. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಫ್ರೈ ಉಂಡವರು ನಿಯಮ ಮುರಿದಿಲ್ಲ, ನಿಜ. ಆದರೆ ಬಡವರಿಗೆ ಅದರಿಂದ ಏನೂ ತಲುಪಿಲ್ಲ. ಅದಕ್ಕೇ ಎಷ್ಟೋ ಮನೆಗಳವರು ಮೀನನ್ನೂ ಬಿಡುತ್ತಾರೆ, ಉಳಿದ ಹಣವನ್ನು ಎತ್ತಿಡುತ್ತಾರೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರೂ ಇದ್ದಾರೆ. 1958ರಲ್ಲಿ ಜರ್ಮನಿಯ ಕಥೋಲಿಕ ಧರ್ಮಾಧ್ಯಕ್ಷರು ಲೋಕದ ಹಸಿವು ಮತ್ತು ರೋಗಗಳ ವಿರುದ್ಧ ತಪಸ್ಸುಕಾಲದ ಸಂಗ್ರಹಕ್ಕೆಂದು ಮಿಸೆರಿಯೊರ್ ಸಂಸ್ಥೆ ಆರಂಭಿಸಿದರು. ಯುದ್ಧದಲ್ಲಿ ಸೋತು, ಹಸಿವೆಂದರೇನೆಂದು ಸ್ವತಃ ಉಂಡಿದ್ದ ಜನ ಅವರು. ನಮ್ಮಲ್ಲಿ 1962ರಲ್ಲಿ ಶುರುವಾದ ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ಧರ್ಮಕೇಂದ್ರಗಳ ಮೂಲಕ ಹಸಿವು, ರೋಗಗಳ ವಿರುದ್ಧ ಅಭಿಯಾನ ನಡೆಸುತ್ತದೆ.

ಸಂಸ್ಥೆಗೆ ಹಣ ಕೊಟ್ಟರೆ ಕರ್ತವ್ಯ ಮುಗಿಯಿತೆಂದೂ ಅಲ್ಲ. ಮೊಬೈಲು ಬಿಟ್ಟವರು ಆ ಒಂದು ಗಂಟೆಯನ್ನು ಮನೆಯಲ್ಲಿ ಒಂಟಿಯಾಗಿ ಕೂತ ಅಜ್ಜಿಗೆ ಕೊಡಬಹುದು. ಚಾಡಿ ಬಿಟ್ಟವರು ಮಾತು ಬಿಟ್ಟ ಅಣ್ಣನಿಗೆ ಫೋನ್ ಮಾಡಬಹುದು. ಸಿಟ್ಟು ಬಿಟ್ಟ ಅಂಗಡಿಯಜಮಾನ ಕೆಲಸದ ಹುಡುಗನಿಗೆ ಭಾನುವಾರ ರಜೆ ಕೊಡಬಹುದು. ವಿಭೂತಿ ಬುಧವಾರದಂದು ಮನೆಮಂದಿ ಒಟ್ಟಿಗೆ ಕೂತು ಏನು ಬಿಡುವುದೆಂದು ನಿರ್ಧರಿಸುವಾಗಲೇ, ಪ್ರತಿಯೊಂದರ ಎದುರು ಅದು ಯಾರಿಗೆ ಸೇರಬೇಕೆಂದು ಒಂದು ಹೆಸರನ್ನೂ ಬರೆದುಕೊಳ್ಳಲಿ. ಹೆಸರಿಲ್ಲದ ತ್ಯಾಗ ಬಹುಬೇಗ ನಮ್ಮದೇ ಹೆಗ್ಗಳಿಕೆಯಾಗಿಬಿಡುತ್ತದೆ. ಹೆಸರಿದ್ದಾಗ ಉಪವಾಸದ ಹಸಿವು ಆ ಮನುಷ್ಯನನ್ನು ದಿನಕ್ಕೆ ಮೂರು ಬಾರಿಯಾದರೂ ನೆನಪಿಸುತ್ತದೆ.

ಕೊನೆಯದಾಗಿ ಒಂದು ಲೆಕ್ಕವನ್ನು ಕ್ರೈಸ್ತರು ಮರೆಯಬಾರದು. ತಪಸ್ಸುಕಾಲ ನಲವತ್ತು ದಿನವಾದರೆ, ಅದರ ನಂತರದ ಪಾಸ್ಕಕಾಲ ಪವಿತ್ರಾತ್ಮರ ಆಗಮನದ ಹಬ್ಬದವರೆಗೆ ಐವತ್ತು ದಿನ. ಧರ್ಮಸಭೆ ಉಪವಾಸಕ್ಕಿಂತ ಸಂತೋಷಕ್ಕೆ ಹೆಚ್ಚು ದಿನ ಕೊಟ್ಟಿದೆ. ಆ ಸಂತೋಷದ ಊಟಕ್ಕೆ ಯಾರನ್ನು ಕರೆಯಬೇಕೆಂದು ಕಲಿಸುವುದೇ ನಲವತ್ತು ದಿನಗಳ ಕೆಲಸ. ಹಸಿವಿನಲ್ಲಿ ನೆನಪಾದವರು ಹಬ್ಬದ ಪಂಕ್ತಿಯಲ್ಲೂ ನಮ್ಮ ಪಕ್ಕ ಕೂರುವಂತಾದರೆ ಆ ತಪಸ್ಸು ಸಾರ್ಥಕ.